ಗರಗಸ ಕೆಳಗಿಡಿ, ಮೊದಲು ಕಾರಿನ ಕೆಳಗೆ ಮಲಗಿ

ಹೋದ ತಿಂಗಳು ಇದೇ ಪುಟದಲ್ಲಿ ನಮ್ಮ ಹಳೇ ಟೊಯೋಟಾ ಆಲ್ಫಾರ್ಡನ್ನು, ಅಂದರೆ ಜಪಾನಿನ ಎಂಟು ಸೀಟಿನ ದೊಡ್ಡ ಗಾಡಿಯನ್ನು, ಮಲಗುವ ಗಾಡಿ ಮಾಡಿಕೊಂಡ ವಿಷಯ ಎರಡು ಸಾಲಿನಲ್ಲಿ ಹೇಳಿದ್ದೆ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್ ಕಡೆಯ ನಮ್ಮವರೇ ಜಾಸ್ತಿ, ಮೈಸೂರಿನಿಂದಲೂ ಒಂದು ಇದೆ. ಈ ತಿಂಗಳ ಪುಟ ಪೂರ್ತಿ ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ (ಲೀಡ್ಸ್): ಅಕ್ಕಾ, ನಾನು, ಹೆಂಡತಿ, ಎಂಟು ಮತ್ತು ಐದು ವರ್ಷದ ಎರಡು ಮಕ್ಕಳು. ಫೋಕ್ಸ್‌ವ್ಯಾಗನ್ ಕ್ಯಾಂಪರ್ ಬೆಲೆ ಕೇಳಿ ತಲೆ ತಿರುಗಿತು. ಜಪಾನಿನಿಂದ ಬಂದ ಹಳೇ ಗಾಡಿ ತಗೊಂಡು ನಾವೇ ಮಾಡಿಕೊಳ್ಳೋಣ ಅಂತ. ಮಜ್ದಾ ಬೊಂಗೊನಾ, ಆಲ್ಫಾರ್ಡಾ? ಅಷ್ಟು ಹಳೇದನ್ನ ನಂಬಬಹುದಾ?

ಉತ್ತರ: ಬೊಂಗೊ ಫ್ರೆಂಡಿ ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಬಟನ್ ಒತ್ತಿದರೆ ಚಾವಣಿ ತಾನೇ ಮೇಲೇಳುತ್ತದೆ, ಅದೂ ಮಜ್ದಾ ಕಂಪನಿಯೇ ಕೊಟ್ಟಿದ್ದು. ಆದರೆ ಅದು 1995ರಲ್ಲಿ ಶುರುವಾದ ಗಾಡಿ, ಈಗ ಸಿಗುವುದರಲ್ಲಿ ತೀರಾ ಎಳೇದಕ್ಕೂ ಇಪ್ಪತ್ತು ವರ್ಷ ಆಗಿರುತ್ತದೆ. ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಹಿಂದಿನ ಹೀಟರ್‌ಗೆ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಹೋಗುವ ಪೈಪುಗಳು ಗಾಡಿಯ ಅಡಿಯಲ್ಲಿ ಉದ್ದಕ್ಕೂ ಹರಿಯುತ್ತವೆ. ಅವು ತುಕ್ಕು ಹಿಡಿದು ಸೋರಿದರೆ ಗೊತ್ತಾಗುವಷ್ಟರಲ್ಲಿ 2.5 ಲೀಟರ್ ಡೀಸೆಲ್ ಎಂಜಿನ್ನಿನ ಹೆಡ್ ಸೀಳಿರುತ್ತದೆ. ಅದಕ್ಕೇ ಬೊಂಗೊ ಇಟ್ಟುಕೊಂಡವರೆಲ್ಲ ಮೊದಲು ಹಾಕಿಸುವುದು ಕೂಲಂಟ್ ಕಮ್ಮಿಯಾದರೆ ಕಿರುಚುವ ಅಲಾರಂ. ಆ ಡೀಸೆಲ್ ಬೊಂಗೊದಲ್ಲಿ ಲಂಡನ್‌ಗೆ ಹೋದರೆ ಹೊಗೆ ಜಾಸ್ತಿ ಉಗುಳುವ ಗಾಡಿಗೆ ಹಾಕುವ ಯುಲೆಜ್ ಶುಲ್ಕ ಅಂತ ದಿನಕ್ಕೆ 12.50 ಪೌಂಡ್ ಬೇರೆ ಕಟ್ಟಬೇಕು.

ಆಲ್ಫಾರ್ಡ್ 2002ರಲ್ಲಿ ಬಂತು, 2008ರಲ್ಲಿ ಎರಡನೇ ತಲೆಮಾರು. ಡೀಸೆಲ್ಲೇ ಇಲ್ಲ, ಪೆಟ್ರೋಲ್ ಇಲ್ಲಾ ಹೈಬ್ರಿಡ್. ಮೊದಲ ತಲೆಮಾರಿನಲ್ಲಿ 2.4 ಲೀಟರ್ ನಾಲ್ಕು ಸಿಲಿಂಡರ್ ಅಥವಾ 3.0 ಲೀಟರ್ ವಿ6. 2.4ಕ್ಕೆ ಟೈಮಿಂಗ್ ಚೈನ್, ವಿ6ಕ್ಕೆ ಬೆಲ್ಟ್, ಬೆಲ್ಟನ್ನು ಕಾಲಕಾಲಕ್ಕೆ ಬದಲಿಸಬೇಕು. ವಿ6 ತಗೊಳ್ಳುವವರು "ಬೆಲ್ಟ್ ಯಾವಾಗ ಹಾಕಿಸಿದ್ದು, ಬಿಲ್ ತೋರಿಸಿ" ಅಂತ ಮುಖ ನೋಡಿಯೇ ಕೇಳಿ. ನಮ್ಮದು 2.4. ಪೆಟ್ರೋಲ್ ಚೆನ್ನಾಗಿಯೇ ಕುಡಿಯುತ್ತದೆ, ಗ್ಯಾಲನ್‌ಗೆ 27 ಮೈಲಿ ಬಂದರೆ ಆ ದಿನ ಮನೆಯಲ್ಲಿ ಪಾಯಸ. ನೀವು ನಾಲ್ಕು ಜನ, ವಾರವೆಲ್ಲಾ ಸ್ಕೂಲು, ಆಫೀಸು, ತರಕಾರಿ ಅಂತ ಓಡಾಡುವ ಕಾರೂ ಅದೇ ಆಗಬೇಕು ಅನ್ನುವುದಾದರೆ ನನ್ನ ಓಟು ಆಲ್ಫಾರ್ಡಿಗೇ.

ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ "ಶಾಕೆನ್" ಅನ್ನುವ ತಪಾಸಣೆ ಇದೆ. ತೆರಿಗೆ, ವಿಮೆ ಎಲ್ಲ ಸೇರಿ ಅದರ ಖರ್ಚು ಜೋರು. ಹಾಗಾಗಿ ಚೆನ್ನಾಗಿರುವ ಗಾಡಿಯನ್ನೂ ಜನ ಹರಾಜಿಗೆ ಬಿಡುತ್ತಾರೆ. ಅಲ್ಲಿ ಸ್ಟೀರಿಂಗ್ ಬಲಕ್ಕೆ, ಇಲ್ಲಿ ಬ್ರಿಟನ್ನಿನಲ್ಲೂ ಬಲಕ್ಕೆ. ಹಡಗು ಹತ್ತಿ ಬಂದೇ ಬಿಡುತ್ತವೆ. ಗಾಡಿಯ ಜೊತೆ ಹರಾಜಿನ ಹಾಳೆ ಬರಬೇಕು, ಕೇಳಿ ಇಸಕೊಳ್ಳಿ. 4 ಅಥವಾ 4.5 ಅಂತ ಅಂಕ ಇದ್ದರೆ ಒಳ್ಳೇದು. ಆರ್ ಅಂತಿದ್ದರೆ ಪೆಟ್ಟು ತಿಂದು ರಿಪೇರಿ ಆಗಿದ್ದು. ಕಾರಿನ ಚಿತ್ರದ ಮೇಲೆ ಎ ಅಂದರೆ ಗೀರು, ಯು ಅಂದರೆ ತಗ್ಗು, ಎಸ್ ಅಂದರೆ ತುಕ್ಕು. ಎಸ್ ಕಂಡರೆ ಇನ್ನೊಂದು ಗಾಡಿ ನೋಡಿ. ಹೊಕ್ಕೈಡೊ ಥರದ ಹಿಮ ಬೀಳುವ ಕಡೆ ಓಡಿದ್ದು ಅಡಿಯಲ್ಲಿ ತಿಂದುಹೋಗಿರುತ್ತದೆ.

ತುಕ್ಕಿನ ಮಾತು ಬಂತಲ್ಲ, ನನ್ನ ಕಥೆ ಹೇಳಿಬಿಡುತ್ತೇನೆ. ನಾವು ತಗೊಂಡ ಗಾಡಿಯ ಅಡಿಭಾಗ ನೋಡಲು ಪಳಪಳ ಅನ್ನುವ ಕಪ್ಪು. "ಹೊಸದಾಗಿ ಅಂಡರ್‌ಸೀಲ್ ಮಾಡಿಸಿದ್ದೇವೆ" ಅಂದರು ಮಾರಿದವರು, ಅಂದರೆ ತುಕ್ಕು ತಡೆಯುವ ಲೇಪ. ನಾವೂ ಖುಷಿಯಾಗಿ ಮೂರು ತಿಂಗಳು ಕೂತು ಒಳಗೆ ಪ್ಲೈವುಡ್, ಕಾರ್ಪೆಟ್, ಇನ್ಸುಲೇಷನ್ ಎಲ್ಲ ಮಾಡಿದೆವು. ಮುಂದಿನ ಎಂಓಟಿಯಲ್ಲಿ, ಅಂದರೆ ಇಲ್ಲಿಯ ವರ್ಷದ ಕಡ್ಡಾಯ ತಪಾಸಣೆಯಲ್ಲಿ, ಪರೀಕ್ಷಿಸುವವನು ಸ್ಕ್ರೂಡ್ರೈವರ್ ಹಿಡಿಯಲ್ಲಿ ಹಿಂದಿನ ಚಕ್ರದ ಹತ್ತಿರ ತಟ್ಟಿದ. ಟಣ್ ಅನ್ನಬೇಕಾದ ಕಡೆ ನೆನೆದ ಹಪ್ಪಳ ತಟ್ಟಿದ ಹಾಗೆ ಸದ್ದು. ಕಪ್ಪು ಬಣ್ಣದ ಹಿಂದೆ ಕಬ್ಬಿಣವೇ ಇರಲಿಲ್ಲ! ವೆಲ್ಡಿಂಗ್ ಮಾಡಬೇಕು ಅಂದರೆ ಕಿಡಿ ಹಾರುವ ಜಾಗದ ಒಳಗಡೆ ಏನೂ ಇರಬಾರದು, ಅಲ್ವಾ? ಮೂರು ತಿಂಗಳ ಕೆಲಸ ಒಂದು ಶನಿವಾರ ಪೂರ್ತಿ ಕಿತ್ತು ಅಂಗಳದಲ್ಲಿ ಹರಡಿದೆವು. ಮಳೆ ಬೇರೆ.

ಅದಕ್ಕೇ ಹೇಳುವುದು, ಗಾಡಿ ನೋಡಲು ಹೋದಾಗ ಹಳೇ ಚಾಪೆ, ಟಾರ್ಚು ತಗೊಂಡು ಹೋಗಿ. ಒಳಗೆ ಮಲಗಿ ಉದ್ದ ಅಳೆಯುವುದಕ್ಕೆ ಮೊದಲು ಗಾಡಿಯ ಕೆಳಗೆ ಮಲಗಿ. ತಟ್ಟಿ ನೋಡಿ. ಜಪಾನಿನಿಂದ ನೇರ ಬಂದದ್ದಕ್ಕೆ ಸಾಮಾನ್ಯವಾಗಿ ಅಡಿಯಲ್ಲಿ ಹೇಳಿಕೊಳ್ಳುವಂಥ ಲೇಪ ಇರುವುದಿಲ್ಲ. ಬರಿ ಲೋಹ ಕಾಣುತ್ತಿದ್ದರೆ ಅದು ಒಳ್ಳೇ ಸುದ್ದಿ. ತಗೊಂಡ ಮೇಲೆ, ಇಲ್ಲಿಯ ರಸ್ತೆಗೆ ಚಳಿಗಾಲದ ಉಪ್ಪು ಬೀಳುವ ಮೊದಲು, ಮೇಣದ ಲೇಪ ಮಾಡಿಸಿ. ಆಮೇಲೆ ಮರದ ಕೆಲಸ.

ಪ್ರಶ್ನೆ (ಮಿಲ್ಟನ್ ಕೀನ್ಸ್): ಜಪಾನಿನಿಂದ ಬಂದ ನಮ್ಮ ನಿಸ್ಸಾನ್ ಎಲ್‌ಗ್ರಾಂಡ್ ಸ್ಟಾರ್ಟ್ ಮಾಡಿದಾಗಲೆಲ್ಲ ಒಬ್ಬ ಹೆಂಗಸು ಜಪಾನಿ ಭಾಷೆಯಲ್ಲಿ ಏನೋ ಹೇಳುತ್ತಾಳೆ. ಏನಾದರೂ ಕೆಟ್ಟಿದೆಯಾ? ರೇಡಿಯೋದಲ್ಲೂ ಒಂದೇ ಸ್ಟೇಷನ್ ಬರುತ್ತದೆ.

ಉತ್ತರ: ಏನೂ ಕೆಟ್ಟಿಲ್ಲ. "ಇಟಿಸಿ ಕಾರ್ಡ್ ಹಾಕಿಲ್ಲ" ಅನ್ನುತ್ತಾಳೆ ಅಷ್ಟೇ. ಇಟಿಸಿ ಅಂದರೆ ನಮ್ಮ ಫಾಸ್ಟ್ಯಾಗ್ ಇದ್ದ ಹಾಗೆ, ಅಲ್ಲಿಯ ಹೈವೇ ಟೋಲಿಗೆ. ಸ್ಟೀರಿಂಗ್ ಹತ್ತಿರ ಅಥವಾ ಗ್ಲೋವ್ ಬಾಕ್ಸಿನಲ್ಲಿ ಅಂಗೈಯಷ್ಟು ಪೆಟ್ಟಿಗೆ ಇರುತ್ತದೆ, ಅದರ ವೈರು ಕಿತ್ತರೆ ಸುಮ್ಮನಾಗುತ್ತಾಳೆ. ನಾವು ಕೀಳಲಿಲ್ಲ. ನಮ್ಮ ಮಗಳು ಅವಳಿಗೆ ದಿನಾ ಗುಡ್ ಮಾರ್ನಿಂಗ್ ಹೇಳುತ್ತಾಳೆ.

ರೇಡಿಯೋ ವಿಷಯ: ಹಳೇ ಜಪಾನಿ ಸೆಟ್ಟುಗಳು 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ. ಇಲ್ಲಿಯದು ಶುರುವಾಗುವುದೇ 87.5ಕ್ಕೆ. ಮಧ್ಯೆ ಸಿಗುವ ಚೂರಿನಲ್ಲಿ ಬಿಬಿಸಿ ರೇಡಿಯೋ 2 ಕೂತಿದೆ. ಬ್ಯಾಂಡ್ ಎಕ್ಸ್‌ಪ್ಯಾಂಡರ್ ಹಾಕಿಸಿ ಅಥವಾ ಸೆಟ್ಟನ್ನೇ ಬದಲಿಸಿ. ಅದಕ್ಕಿಂತ ಮುಖ್ಯ, ಸ್ಪೀಡೋಮೀಟರ್ ಮೈಲಿಗೆ ಬದಲಾಗಿದೆಯಾ, ಹಿಂದೆ ಫಾಗ್ ಲ್ಯಾಂಪ್ ಇದೆಯಾ ನೋಡಿ. ಅಲ್ಲಿಯ ಎಷ್ಟೋ ಗಾಡಿಗಳಿಗೆ ಹಿಂದಿನ ಫಾಗ್ ಲ್ಯಾಂಪೇ ಇರುವುದಿಲ್ಲ, ಇಲ್ಲಿ ಬೇಕೇ ಬೇಕು.

ಪ್ರಶ್ನೆ (ಕ್ರಾಲಿ): ನಮ್ಮ ಆಲ್ಫಾರ್ಡಿಗೆ ಡ್ರಾಯಿಂಗ್ ಕಳಿಸಿದ್ದೇನೆ. ಹಿಂದಿನ ಎಲ್ಲ ಸೀಟು ತೆಗೆದು, ಒಂದು ಪಕ್ಕದ ಉದ್ದಕ್ಕೂ 18 ಮಿ.ಮೀ. ಬರ್ಚ್ ಪ್ಲೈವುಡ್‌ನಲ್ಲಿ ಅಡುಗೆ ಕಟ್ಟೆ, ಸಿಂಕ್, ವಾರ್ಡ್‌ರೋಬ್. 50 ಲೀಟರ್ ನೀರಿನ ಟ್ಯಾಂಕ್. ಚಾವಣಿ ಕತ್ತರಿಸಿ ಪಾಪ್ ಟಾಪ್, ಅಂದರೆ ಮೇಲೆತ್ತುವ ಚಾವಣಿ. ಸರಿ ಇದೆಯಾ? ಮನೆಯಲ್ಲಿ ಮೂರು ಜನ ಇದ್ದೇವೆ.

ಉತ್ತರ: ಡ್ರಾಯಿಂಗ್ ಬಲು ಚಂದ ಇದೆ. ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಗಾಡಿಯಲ್ಲಿ ಬೇಡ.

ಬೇಜಾರು ಮಾಡಿಕೊಳ್ಳಬೇಡಿ, ಲೆಕ್ಕ ಹೇಳುತ್ತೇನೆ. ಜಪಾನಿನಲ್ಲಿ ಕಾರಿನ ಒಟ್ಟು ತೂಕ ಬರೆಯುವಾಗ ಖಾಲಿ ಗಾಡಿಯ ತೂಕಕ್ಕೆ ಸೀಟಿಗೊಬ್ಬರ ಹಾಗೆ ತಲಾ 55 ಕಿಲೋ ಸೇರಿಸುತ್ತಾರೆ. ಎಂಟು ಸೀಟಿನ ಆಲ್ಫಾರ್ಡ್ ಅಂದರೆ 440 ಕಿಲೋ. ಅಷ್ಟೇ ಲೆಕ್ಕ, ಅದರೊಳಗೇ ಜನ, ಸಾಮಾನು, ನೀರು, ಮರ ಎಲ್ಲ ಬರಬೇಕು. ನಿಮ್ಮ ಎಂಟಡಿ ನಾಲ್ಕಡಿ 18 ಮಿ.ಮೀ. ಬರ್ಚ್ ಹಲಗೆ ಒಂದೇ ಹೆಚ್ಚುಕಮ್ಮಿ 36 ಕಿಲೋ ತೂಗುತ್ತದೆ. ಡ್ರಾಯಿಂಗ್ ಪ್ರಕಾರ ಮೂರು ಹಲಗೆ ಬೇಕು. ನೀರು 50 ಕಿಲೋ. ಪಾಪ್ ಟಾಪ್, ಬ್ಯಾಟರಿ, ಫ್ರಿಜ್, ಹಾಸಿಗೆ, ಮೂರು ಜನ, ಮೇಲೆ ಹತ್ತು ಕಿಲೋ ಸೋನಾ ಮಸೂರಿ. ಸೀಟು ತೆಗೆದರೆ ಒಂದಷ್ಟು ಕಮ್ಮಿಯಾಗುತ್ತದೆ ನಿಜ, ಆದರೂ ಹಿಂದಿನ ಸ್ಪ್ರಿಂಗು ಕೂತುಬಿಡುತ್ತದೆ. ಹಗುರ ಪಾಪ್ಲರ್ ಪ್ಲೈವುಡ್ 12 ಮಿ.ಮೀ.ದು ಬರ್ಚಿನ ಅರ್ಧ ತೂಕವೂ ಇಲ್ಲ, ಡ್ರಾಯರಿಗೆ ಅದು ಧಾರಾಳ ಸಾಕು.

ಇನ್ನೊಂದು, ಸೀಟು. ಎಲ್ಲ ತೆಗೆದರೆ ಓಡುವಾಗ ನಿಮ್ಮ ಮಗು ಎಲ್ಲಿ ಕೂರುತ್ತದೆ? ಪ್ಲೈವುಡ್ ಡಬ್ಬದ ಮೇಲೆ ಬೆಲ್ಟ್ ಬೋಲ್ಟ್ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ನೋಡಿ ಮೈ ಜುಂ ಅಂದಿತು. ಟೊಯೋಟಾ ಪರೀಕ್ಷೆ ಮಾಡಿ ಕೂರಿಸಿದ ಎರಡನೇ ಸಾಲಿನ ಸೀಟು, ಅದರ ಬೆಲ್ಟು, ಹಾಗೇ ಇರಲಿ. ಇಲ್ಲಾ ಬೆಲ್ಟ್ ಸಮೇತ ಎಳೆತ ಪರೀಕ್ಷೆ ಆದ ಸೀಟು-ಹಾಸಿಗೆ ತಗೊಂಡು ಬಲ್ಲವರಿಂದ ಹಾಕಿಸಿ, ಅದು ದುಬಾರಿ.

ನಾವು ಮಾಡಿದ್ದು ಡಿಕ್ಕಿ ಅಡುಗೆಮನೆ. ಮೂರನೇ ಸಾಲಿನ ಸೀಟು ಮಾತ್ರ ತೆಗೆದೆವು. ಅದರ ಬೋಲ್ಟಿನ ತೂತುಗಳಿಗೇ ಒಂದು ಮೀಟರ್ ಅಗಲದ ಪೆಟ್ಟಿಗೆ ಬಿಗಿದೆವು. ಹೊಸ ತೂತು ಒಂದೂ ಕೊರೆದಿಲ್ಲ, ಕೊರೆಯಲೂ ಬೇಡಿ, ಅಡಿಯಲ್ಲಿ ಪೆಟ್ರೋಲ್ ಟ್ಯಾಂಕು, ಬ್ರೇಕಿನ ಪೈಪು ಇವೆ. ಹಿಂದಿನ ಬಾಗಿಲು ಮೇಲೆತ್ತಿದರೆ ಅದೇ ಚಾವಣಿ, ಮಳೆಯಲ್ಲೂ ನಿಂತು ದೋಸೆ ಹುಯ್ಯಬಹುದು. ಎಡಗಡೆ ಡ್ರಾಯರಿನಲ್ಲಿ ಒಲೆ, ಬಲಗಡೆ ಫ್ರಿಜ್. ಮಧ್ಯೆ ಒಂದು ಉದ್ದ ಕಿರಿದಾದ ಖಾನೆ ಮಿಕ್ಕಿತ್ತು, ಯಾತಕ್ಕೂ ಆಗುತ್ತಿರಲಿಲ್ಲ. ಒಂದು ದಿನ ಲಟ್ಟಣಿಗೆ ಇಟ್ಟು ನೋಡಿದೆ, ಅಳತೆ ತಗೊಂಡು ಮಾಡಿದ ಹಾಗೆ ಕೂತಿತು. ಎರಡನೇ ಸಾಲಿನ ಸೀಟು ಮಡಚಿ, ಪೆಟ್ಟಿಗೆಯಿಂದ ಮುಂದಕ್ಕೆ ಹಲಗೆ ಎಳೆದರೆ ಆರಡಿ ಹಾಸಿಗೆ. ಸೋಮವಾರ ನಾಲ್ಕು ಬೋಲ್ಟ್ ಬಿಚ್ಚಿದರೆ ಮತ್ತೆ ಕಾರು. ಸೀಟು ಹಾಗೇ ಚಪ್ಪಟೆ ಮಾಡಿದರೂ ಮಲಗಬಹುದು, ಜಪಾನಿಗಳು ಹಾಗೇ ಮಲಗುತ್ತಾರೆ, ಅವರಲ್ಲಿ ಅದಕ್ಕೆ "ಶಾಚೂಹಾಕು" ಅಂತ ಹೆಸರೇ ಇದೆ. ಆದರೆ ಸೀಟಿನ ಉಬ್ಬು ಸೊಂಟಕ್ಕೆ ಒತ್ತುತ್ತದೆ, ನಲವತ್ತು ದಾಟಿದವರಿಗೆ ಹಲಗೆಯೇ ವಾಸಿ.

ಪಾಪ್ ಟಾಪ್ ಮಕ್ಕಳಿಗೆ ಇಷ್ಟ, ಸುಳ್ಳಲ್ಲ. ಆದರೆ ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲವೇ ಅಲ್ಲ. ಚಾವಣಿಯ ಅಡ್ಡಪಟ್ಟಿ ಕತ್ತರಿಸಿದ ಮೇಲೆ ಅದೇ ಬಲ ಬೇರೆ ಚೌಕಟ್ಟಿನಿಂದ ಬರಬೇಕು, ಪಕ್ಕದಲ್ಲಿ ಕರ್ಟನ್ ಏರ್‌ಬ್ಯಾಗ್ ಇದ್ದರೆ ಅದನ್ನೂ ನೋಡಿಕೊಳ್ಳಬೇಕು. ಮೂಲ ಎತ್ತರ 1.93 ಮೀಟರ್ ಆಸುಪಾಸು. ಇದು ಎರಡು ಮೀಟರಿನ ಕಾರ್ ಪಾರ್ಕಿಂಗ್ ಅಡ್ಡಗಂಬದ ಕೆಳಗೆ ನುಸುಳುತ್ತದೆ, ಪಾಪ್ ಟಾಪ್ ಹಾಕಿದ ಮೇಲೆ ನುಸುಳುವ ಗ್ಯಾರಂಟಿ ಇಲ್ಲ. ಮೂರೇ ಜನಕ್ಕೆ ಅದು ಬೇಡ ಅಂತ ನನ್ನ ಅಭಿಪ್ರಾಯ.

ಕಾಗದಪತ್ರ: ಗಾಡಿಯ ನೋಂದಣಿಯಲ್ಲಿ "ಮೋಟಾರ್ ಕ್ಯಾರವಾನ್" ಅಂತ ಬರೆಸಬೇಕು ಅಂತ ತುಂಬಾ ಜನ ಒದ್ದಾಡುತ್ತಾರೆ. ಡಿವಿಎಲ್‌ಎ, ಅಂದರೆ ಇಲ್ಲಿಯ ವಾಹನ ನೋಂದಣಿ ಕಚೇರಿಯವರು, ಹೊರಗಿನಿಂದ ನೋಡಿದರೇ ಕ್ಯಾಂಪರ್ ಅನ್ನಿಸಬೇಕು ಅನ್ನುತ್ತಾರೆ, ಪಕ್ಕದಲ್ಲಿ ಚಿತ್ರಪಟ್ಟಿ, ಆನಿಂಗ್ (ಬಿಸಿಲು, ಮಳೆಗೆ ಚಾಚುವ ಬಟ್ಟೆ ಚಪ್ಪರ) ಕಂಬಿ, ಎತ್ತರದ ಗಟ್ಟಿ ಚಾವಣಿ ಇಂಥವು. ಪಾಪ್ ಟಾಪ್ ಅವರ ಲೆಕ್ಕಕ್ಕೆ ಎತ್ತರದ ಚಾವಣಿ ಅಲ್ಲ. ಬರೆಸದಿದ್ದರೂ ಮಲಗಲು ತೊಂದರೆ ಇಲ್ಲ. ಆದರೆ ಸೀಟಿನ ಸಂಖ್ಯೆ ಬದಲಾದರೆ ವಿ5ಸಿ ನೋಂದಣಿ ಪತ್ರದಲ್ಲಿ ತಿದ್ದಿಸಿ, ಮಾಡಿದ ಬದಲಾವಣೆ ಒಂದೂ ಬಿಡದೆ ವಿಮೆಯವರಿಗೆ ಫೋಟೋ ಸಮೇತ ಹೇಳಿ. ಮುಚ್ಚಿಟ್ಟರೆ ಕ್ಲೇಮ್ ದಿನ ಕೈ ಎತ್ತುತ್ತಾರೆ.

ಪ್ರಶ್ನೆ (ಅಬರ್ಡೀನ್): ಒಳಗೇ ಒಗ್ಗರಣೆ ಹಾಕಬಹುದಾ? ಕುಕ್ಕರ್ ಇಡಬಹುದಾ? ಹೋದ ಸಲ ಟೆಂಟಿನ ಪ್ರವಾಸದಲ್ಲಿ ಬೆಳಿಗ್ಗೆ ಗ್ಯಾಸ್ ಒಲೆ ಹತ್ತಲೇ ಇಲ್ಲ, ಡಬ್ಬ ತುಂಬಿತ್ತು.

ಉತ್ತರ: ಒಗ್ಗರಣೆ ಒಳಗೆ ಬೇಡವೇ ಬೇಡ. ಸಾಸಿವೆ ಸಿಡಿದು ಚಾವಣಿಯ ಬಟ್ಟೆಗೆ ಕೂತರೆ ಹೋಗಲ್ಲ. ಇಂಗಿನ ಘಾಟು ಎರಡು ವಾರ ಇರುತ್ತದೆ, ಸೋಮವಾರ ಆಫೀಸಿಗೆ ಅದೇ ಕೋಟು ಹಾಕಿಕೊಂಡು ಹೋಗಬೇಕು ನೀವು. ಅದು ತಮಾಷೆ, ಇದು ತಮಾಷೆ ಅಲ್ಲ: ಬಾಗಿಲು ಮುಚ್ಚಿದ ಗಾಡಿಯಲ್ಲಿ ಒಲೆ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ಸೇರಿಕೊಳ್ಳುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಚಳಿ ಕಾಯಿಸಲು ಒಲೆ ಹಚ್ಚಿಟ್ಟು ಮಲಗುವುದಂತೂ ಯಾವತ್ತೂ ಕೂಡದು. ಸಿಒ ಅಲಾರಂ ಇಲ್ಲದೆ ಒಂದು ರಾತ್ರಿಯೂ ಬೇಡ.

ನಿಮ್ಮ ಡಬ್ಬ ಖಾಲಿಯಾಗಿರಲಿಲ್ಲ, ಒಳಗಿದ್ದದ್ದು ಬ್ಯುಟೇನ್. ಅದು ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ದ್ರವವಾಗಿ ಸುಮ್ನೆ ಕೂತಿರುತ್ತದೆ. ಪ್ರೊಪೇನ್ ಮೈನಸ್ 42ರವರೆಗೂ ಆವಿ ಆಗುತ್ತದೆ. ಚಳಿಗಾಲಕ್ಕೆ ಪ್ರೊಪೇನ್ ಬೆರೆಸಿದ ಡಬ್ಬ ತಗೊಳ್ಳಿ. ದೊಡ್ಡ ಸಿಲಿಂಡರ್ ಒಳಗೆ ಇಡುವುದಾದರೆ ಅದಕ್ಕೆ ಒಳಗಿನಿಂದ ಮುಚ್ಚಿದ ಪೆಟ್ಟಿಗೆ, ತಳದಲ್ಲಿ ಹೊರಗೆ ಹೋಗುವ ರಂಧ್ರ ಬೇಕು. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕಿಳಿದು ತಂಗುತ್ತದೆ. ನಮಗೆ ಇಷ್ಟೆಲ್ಲ ಬೇಡ ಅಂತ ಚಿಕ್ಕ ಡಬ್ಬದ ಒಲೆಯನ್ನೇ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೇವೆ.

ಕುಕ್ಕರ್ ಇಡಿ, ಹೊರಗೆ ಇಡಿ. ಎರಡು ಲೀಟರಿನದು ಸಾಕು. ಒಲೆಯ ಕಾಲಿಗಿಂತ ಅಗಲದ ಪಾತ್ರೆ ಇಟ್ಟರೆ ಕೆಳಗಿನ ಗ್ಯಾಸ್ ಡಬ್ಬವೇ ಕಾದುಬಿಡುತ್ತದೆ, ಹುಷಾರು. ಮೊದಲ ಕೂಗಿಗೆ ಪಕ್ಕದ ಕ್ಯಾರವಾನಿನ ಮುದುಕರು ಏನಾಯಿತೋ ಅಂತ ಓಡಿಬಂದಿದ್ದರು. ಬಿಸಿಬೇಳೆ ಬಾತ್ ಕೊಟ್ಟು ಕಳಿಸಿದೆವು.

ಪ್ರಶ್ನೆ (ಕಾರ್ಡಿಫ್): ಎರಡನೇ ಬ್ಯಾಟರಿ ಬೇಕೇ ಬೇಕಾ? ಮಿಕ್ಸಿ ಓಡುತ್ತದಾ?

ಉತ್ತರ: ಫ್ರಿಜ್ ಇಡುವುದಾದರೆ ಬೇಕು. ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಎರಡನೇ ಬೆಳಿಗ್ಗೆ ನಮ್ಮ ಗಾಡಿ "ಕಟ್" ಅಂದು ಸುಮ್ಮನಾಯಿತು. ಫ್ರಿಜ್ ಮುಖ್ಯ ಬ್ಯಾಟರಿಗೇ ಚುಚ್ಚಿತ್ತು, ಅದರ ಮೇಲೆ ಮಕ್ಕಳು ಕರೆಂಟಿನ ಜಾರುಬಾಗಿಲನ್ನು ಲಿಫ್ಟ್ ಆಟ ಮಾಡಿಕೊಂಡು ರಾತ್ರಿ ನೂರು ಸಲ ತೆಗೆದು ಹಾಕಿದ್ದರು. ಆ ಬಾಗಿಲು ತುಂಬಾ ತಿನ್ನುತ್ತದೆ, ಬಿಡಾರ ಹೂಡಿದ ಕೂಡಲೇ ಅದರ ಸ್ವಿಚ್ ಆಫ್ ಮಾಡಿ.

12 ವೋಲ್ಟಿನ ಚಿಕ್ಕ ಕಂಪ್ರೆಸರ್ ಫ್ರಿಜ್ ದಿನಕ್ಕೆ ಸುಮಾರು 40 ಆಂಪಿಯರ್-ಅವರ್ ಎಳೆಯುತ್ತದೆ. 100ರ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಎರಡು ದಿನ ಆರಾಮ. ಎಜಿಎಂ ಅನ್ನುವ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಒಂದೇ ದಿನ. ಲಿಥಿಯಂ ಆದರೆ ಎರಡು ಬ್ಯಾಟರಿಯ ಮಧ್ಯೆ ಡಿಸಿ-ಡಿಸಿ ಚಾರ್ಜರ್ ಹಾಕಿ, ಗಾಡಿ ಓಡುವಾಗ ಎರಡನೇದನ್ನು ಸರಿಯಾಗಿ ತುಂಬಿಸುವುದು ಅದು. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ, ಎರಡೂ ಬ್ಯಾಟರಿಯ ಕಡೆ. ಮಿಕ್ಸಿ 750 ವ್ಯಾಟ್ ಅಂದರೆ ಇನ್ವರ್ಟರ್ ಮೂಲಕ 65 ಆಂಪಿಯರ್ ಎಳೆಯುತ್ತದೆ, ಅದಕ್ಕೆ ಹೆಬ್ಬೆರಳಿನಷ್ಟು ದಪ್ಪದ ವೈರು ಬೇಕು. ಚಟ್ನಿ ಮನೆಯಲ್ಲೇ ರುಬ್ಬಿಕೊಂಡು ಹೋಗಿ.

ಪ್ರಶ್ನೆ (ಮೈಸೂರು): ಇಂಥ ಗಾಡಿ ಇಲ್ಲಿಗೆ ತರಿಸಬಹುದಾ?

ಉತ್ತರ: ಆಲ್ಫಾರ್ಡಿನ ತಮ್ಮ ವೆಲ್‌ಫೈರ್ 2020ರಿಂದ ಅಲ್ಲೇ ಮಾರುತ್ತಿದೆ. ಬೆಂಗಳೂರಿನಲ್ಲಿ ಸಿನಿಮಾದವರು, ರಾಜಕಾರಣಿಗಳು ಇಳಿಯುವ ಕಾರು ಅದೇ. ಬೆಲೆ ಕೋಟಿ ದಾಟಿದೆ, ಅದರೊಳಗೆ ದೋಸೆ ಹುಯ್ಯಲು ಮನಸ್ಸು ಬರಲಿಕ್ಕಿಲ್ಲ. ಹಳೇದು ತರಿಸೋಣ ಅಂದರೆ ಮೂರು ವರ್ಷಕ್ಕಿಂತ ಹಳೇ ಕಾರು ಭಾರತಕ್ಕೆ ತರುವ ಹಾಗಿಲ್ಲ, ತಂದರೂ ಸುಂಕ ಗಾಡಿಯ ಬೆಲೆಗಿಂತ ಜಾಸ್ತಿ. ಹಳೇ ಇನ್ನೋವಾ ತಗೊಂಡು, ನಾನು ಹೇಳಿದ ಹಾಗೆ ಬಿಚ್ಚಿ ತೆಗೆಯುವ ಪೆಟ್ಟಿಗೆ ಮಾಡಿಕೊಳ್ಳಿ. ಗಾಡಿಯ ಮೂಲ ರೂಪ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬರುತ್ತದೆ, ಸೀಟು ಕೀಳುವ ಮೊದಲು ಆರ್‌ಟಿಓದಲ್ಲಿ ಕೇಳಿ.

ಪ್ರಶ್ನೆ (ಹೌನ್ಸ್ಲೊ): ಜೂನ್‌ನಲ್ಲಿ ಹಾಸನದಿಂದ ಅತ್ತೆ, ಮಾವ ಬರುತ್ತಾರೆ. ಸ್ಕಾಟ್ಲೆಂಡಿನ ಉತ್ತರ ಕರಾವಳಿ ಸುತ್ತುವ ದಾರಿ ನಾರ್ತ್ ಕೋಸ್ಟ್ 500 ತೋರಿಸಬೇಕು ಅಂತ. ರಾತ್ರಿ ಎಲ್ಲಿ ಬೇಕಾದರೂ ನಿಲ್ಲಿಸಿ ಮಲಗಬಹುದಂತೆ, ಹೌದಾ? ಶೌಚಕ್ಕೆ ಏನು ಮಾಡುವುದು?

ಉತ್ತರ: ಎಲ್ಲಿ ಬೇಕಾದರೂ ಅಲ್ಲ. ಸ್ಕಾಟ್ಲೆಂಡಿನ 2003ರ ಕಾಯ್ದೆ ಟೆಂಟ್ ಹಾಕುವವರಿಗೆ ಹಕ್ಕು ಕೊಟ್ಟಿದೆ, ಮೋಟಾರು ಗಾಡಿಗೆ ಕೊಟ್ಟಿಲ್ಲ. ಜೂನ್ ಅಂದರೆ ಜನ ಜಾಸ್ತಿ, ಕ್ಯಾಂಪ್‌ಸೈಟ್ ಈಗಲೇ ಬುಕ್ ಮಾಡಿ. ಇನ್ವರ್ನೆಸ್‌ನಿಂದ ಸುತ್ತಿ ಬರಲು 516 ಮೈಲಿ, ಎಷ್ಟೋ ಕಡೆ ಒಂದೇ ಗಾಡಿ ಹೋಗುವ ರಸ್ತೆ. ಎದುರು ಗಾಡಿಗೆ ದಾರಿ ಬಿಡಲು ಅಲ್ಲಲ್ಲಿ ಅಗಲ ಮಾಡಿರುತ್ತಾರೆ, ಅಲ್ಲಿ ನಿಲ್ಲಿಸಿಕೊಂಡು ಮಲಗಬೇಡಿ, ಊರವರ ಶಾಪ ತಟ್ಟುತ್ತದೆ. ದಿನಕ್ಕೆ 100 ಮೈಲಿಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ, ಹಿರಿಯರಿದ್ದಾರೆ. ಆ ಹೊತ್ತಿಗೆ ಅಲ್ಲಿ ರಾತ್ರಿ ಹನ್ನೊಂದಕ್ಕೂ ಬೆಳಕಿರುತ್ತದೆ, ಕಿಟಕಿಗೆ ದಪ್ಪ ಪರದೆ ಮಾಡಿಸಿ. ಲಂಡನ್‌ನವರಾದ್ದರಿಂದ ಗಾಡಿ ತಗೊಳ್ಳುವ ಮೊದಲು ಅದರ ನಂಬರ್ ಹಾಕಿ ಯುಲೆಜ್ ಶುಲ್ಕ ಬೀಳುತ್ತದಾ ನೋಡಿ. 2023ರ ಆಗಸ್ಟ್‌ನಿಂದ ಅದು ನಿಮ್ಮ ಮನೆ ಬಾಗಿಲಿಗೂ ಬಂದಿದೆ.

ಶೌಚಕ್ಕೆ ಮುಚ್ಚಳದ ಪೋರ್ಟಬಲ್ ಡಬ್ಬ ಸಿಗುತ್ತದೆ, ಸ್ಟೂಲಿನಷ್ಟು ಎತ್ತರ. ತುಂಬಿದ್ದನ್ನು ಕ್ಯಾಂಪ್‌ಸೈಟಿನಲ್ಲಿ ಅದಕ್ಕೇ ಇರುವ ಕಡೆ ಮಾತ್ರ ಚೆಲ್ಲಬೇಕು. ನಮ್ಮ ಅತ್ತೆ ಅದನ್ನು ನೋಡಿ "ಇದರ ಪಕ್ಕದಲ್ಲಿ ನಾನು ಅನ್ನ ಉಣ್ಣಲ್ಲ" ಅಂತ ಖಡಾಖಂಡಿತ ಹೇಳಿದರು. ಕೊನೆಗೆ ಅವರಿಗೆ ಊರಿನ ಒಂದು ಬಿ ಅಂಡ್ ಬಿಯಲ್ಲಿ, ಅಂದರೆ ತಿಂಡಿ ಕೊಡುವ ಚಿಕ್ಕ ವಸತಿಮನೆಯಲ್ಲಿ, ರೂಮು, ನಾವು ಗಾಡಿಯಲ್ಲಿ. ಬೆಳಿಗ್ಗೆ ಏಳಕ್ಕೆ ಬಂದು ಕಿಟಕಿ ಬಡಿದು ಕಾಫಿ ಕೇಳಿದರು.